ಅಂಗಳದಲ್ಲಿ ನಿಂತವಳು

ಅಮ್ಮಾ,

ನಾನು ಚೆನ್ನಾಗಿದ್ದೇನೆ ಅಂತಲೇ ಇಟ್ಟುಕೋ. ಮನೆಗೆ ಟಿ.ವಿ. ಬಂತು, ಮಹಡಿಯ ಮೇಲೆ ಆಂಟೆನಾ ನಿಂತಿತು. ಮಾವನೂ ಇವರೂ ಮಾತು ಬಿಟ್ಟು ವರ್ಷವಾಗುತ್ತಾ ಬಂದದ್ದು ನಿನಗೆ ಗೊತ್ತೇ ಇದೆ. ಇವರು ಮೇಲೆ ಆಂಟೆನಾದ ಪೈಪು ತಿರುಗಿಸುವವರು, ಮಾವ ಒಳಗೆ ಚಿತ್ರ ನೋಡುವವರು, ನಡುವೆ ಅಂಗಳದಲ್ಲಿ ನಾನು.

“ಇನ್ನೂ ಬರೀ ಚುಕ್ಕೆ ಅಂತ ಹೇಳಮ್ಮ ಅವನಿಗೆ.”

“ವೈರು ಸರಿಯಾಗಿ ಸಿಕ್ಕಿಸಿದಾರಾ ಕೇಳು ಅವರನ್ನ.”

ಇಬ್ಬರ ಮಾತೂ ಇಬ್ಬರಿಗೂ ಕೇಳುತ್ತಿತ್ತು. ಆದರೂ ನಾನೇ ಕೂಗಬೇಕು. ಗಂಟಲು ಹರಿದುಹೋಯಿತು.

ಕೊನೆಗೆ ಇವರ ಕಾಲು ಜಾರಿ ನಾನು ಚೀರಿದಾಗ, ಮಾವ ಅಂಗಳಕ್ಕೆ ಓಡಿ ಬಂದು, “ಮೆಲ್ಲಗೆ ಕಣೋ, ಬಿದ್ದುಗಿದ್ದೀಯ!” ಅಂದರು. ಪೈಪು ತಬ್ಬಿಕೊಂಡಿದ್ದ ಇವರು, “ಇಲ್ಲ ಅಪ್ಪಾ” ಅಂದರು. ಅಷ್ಟರಲ್ಲಿ, ಹಾಳಾದ್ದು, ಚಿತ್ರ ಬಂದುಬಿಟ್ಟಿತು, ಮಾತು ಅಲ್ಲಿಗೇ ನಿಂತಿತು.

ನಿನಗೆ ಹುಷಾರಿಲ್ಲ ಎಂದು ಒಂದು ಕಾಗದ ಹಾಕು. ಸುಮ್ಮನೆ ಕೇಳಿದರೆ ಕಳಿಸುವುದಿಲ್ಲ. ನಾಲ್ಕು ದಿನ ನಿನ್ನ ಪಕ್ಕ ಬಾಯಿ ಮುಚ್ಚಿಕೊಂಡು ಮಲಗಬೇಕು.

ಹೊರಡುವ ದಿನ ಬಟ್ಟೆ ಒಣಹಾಕುವ ನೆಪದಲ್ಲಿ ಮೇಲೆ ಹೋಗಿ, ಆ ಪೈಪನ್ನು ಚೂರು ತಿರುಗಿಸಿ ಬರುತ್ತೇನೆ. ಅಂಗಳದಲ್ಲಿ ನಾನಿರುವುದಿಲ್ಲ. ಚಿತ್ರ ಬಂತಾ ಅಂತ ಮಗ ಅಪ್ಪನನ್ನೇ ಕೇಳಬೇಕಾಗುತ್ತದೆ.

ಗಂಟಲು ಕಟ್ಟಿದ
ನಿನ್ನ ಮಗಳು