ಹೆಪ್ಪಿನ ಅಳತೆ

ಧಾರೇಶ್ವರ
ತಾ. ೨೨-೧-೧೯೬೭

ಮಹಾಬಲ,

ಮೊದಲು ಆಶೀರ್ವಾದ, ವಿಚಾರಣೆ ಆಮೇಲೆ. ನೀನು, ಲಕ್ಷ್ಮೀ, ಮಗು ಎಲ್ಲ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಕಾರ್ಡಿನಲ್ಲಿ ‘ನಾವು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ’ ಎಂಬುದರ ಹೊರತು ಬೇರೇನೂ ಇಲ್ಲದ್ದರಿಂದ ನಂಬುವುದೊಂದೇ ದಾರಿ. ಉತ್ತರ ಎರಡು ವಾರ ತಡವಾಯಿತು. ಮೈಗೆ ಹುಷಾರಿಲ್ಲದೆ ಅಲ್ಲ. ಒಂದು ಸಂಗತಿಯ ಬುಡ ಕಾಣುವ ತನಕ ನಾನು ಪೆನ್ನು ಹಿಡಿಯುವವಳಲ್ಲ ಎಂಬುದು ನಿನಗೆ ಗೊತ್ತು.

ನಿನ್ನ ತಮ್ಮ ಬರೆದ ಕಾಗದ ಈಗಾಗಲೇ ನಿನ್ನ ಕೈ ಸೇರಿರಬೇಕು. ನಿನ್ನ ಬಣ್ಣದ ಕಾರ್ಖಾನೆಯಲ್ಲಿ ಎಸೆಯಬೇಕಾದ ಹಳೇ ಮಾಲನ್ನು ಅವನಿಗೆ ಸಾಗಹಾಕಿದೆ ಎಂದು ಬರೆದಿದ್ದಾನೆ. ಅದನ್ನು ಅಂಚೆಗೆ ಹಾಕಿ ಬಂದವನು ಚಪ್ಪಲಿ ಬಿಡುವ ಮೊದಲೇ, “ಆಯಿ, ಅಣ್ಣಂಗೂ ಎಂಗೂ ಇನ್ನು ಮಾತಿಲ್ಲೆ” ಎಂದ. ಕೃಷ್ಣಾನಂದ ಹಾಗೆ ಹೇಳಿದರೆ ಹಾಗೇ ನಡೆಯುವವನು, ನೀನೂ ಕಡಿಮೆಯವನಲ್ಲ. ಈ ಪತ್ರವನ್ನು ಕೊನೆಯ ತನಕ ಓದದೆ ಅವನಿಗೆ ಒಂದಕ್ಷರ ಬರೆಯಬೇಡ.

ನನಗೆ ಮೊದಲ ದಿನದಿಂದಲೂ ಸಂಶಯವಿತ್ತು. ದೀಪಾವಳಿಯ ಮರುವಾರ ಕುಮಟೆಯ ಬಸ್ಸಿನಲ್ಲಿ, ಗೋಣಿಚೀಲದಲ್ಲಿ ಕಟ್ಟಿದ ನಿನ್ನ ಪಾರ್ಸೆಲ್ಲು ಬಂತು. ಎರಡು ಡಬ್ಬಿ, ಒಂದು ಸುರುಳಿ ಬಿಳಿ ಬಟ್ಟೆ. ದೊಡ್ಡ ಡಬ್ಬಿಯಲ್ಲಿ ಜೋನಿ ಬೆಲ್ಲದಂಥ ಅಂಟುಪಾಕ; ಚಿಕ್ಕದರ ಮುಚ್ಚಳ ತೆಗೆದರೆ ಕೊಳೆತ ಮೀನೂ ಮೂಗು ಮುಚ್ಚಿಕೊಳ್ಳುವ ವಾಸನೆ. ಕೆಲಸದ ಗಣಪಿ ಬಟ್ಟೆ ಮುಟ್ಟಿ ಕೈ ತುರಿಸಿಕೊಂಡಳು. ಗಾಜಿನ ನೂಲಿನಿಂದ ನೇಯ್ದದ್ದು ಎಂದು ಕೃಷ್ಣಾನಂದ ಹೇಳಿದ್ದೇ ತಡ, “ಗಾಜಿನ ಬಟ್ಟೆ ಅಂಬ್ರು! ಅದ್ನ ಉಟ್ರೆ ಮರ್ಯಾದೆ ಉಳೀತದ್ಯಾ ಅಮ್ಮಾ?” ಎಂದು ಊರಿಗೆಲ್ಲ ಕೇಳುವಂತೆ ನಕ್ಕಳು.

ನಾನು ನಗಲಿಲ್ಲ. ಈ ಕರಾವಳಿಯಲ್ಲಿ ಈಗ ಯಾರ ದೋಣಿಯಲ್ಲಿ ಚಿನ್ನ ಬರುತ್ತದೆ, ಯಾರ ಹಿತ್ತಿಲಲ್ಲಿ ಸಾರಾಯಿ ಇಳಿಯುತ್ತದೆ ಎಂದು ಹೇಳುವಂತಿಲ್ಲ. ಅಷ್ಟರಲ್ಲಿ ಮಾವಿನಕುರ್ವೆಯ ದೋಣಿ ಬಡಗಿ ತಿಮ್ಮ ಬೂರುಗದ ಹಲಗೆಗಳನ್ನು ಜೋಡಿಸಿ, ಮೀನಿನ ಹೊಟ್ಟೆಯಂತೆ ಕೆತ್ತಿ ನಯಮಾಡಿ, ಒಂಬತ್ತಡಿಯ ಒಂದು ವಸ್ತುವನ್ನು ನಮ್ಮ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಮಲಗಿಸಿದ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ನಿನ್ನ ತಮ್ಮ ಶಾಲೆ ಬಿಟ್ಟೊಡನೆ ಅದರ ಮುಂದೆ ಹೋಗಿ ಕೂರುತ್ತಿದ್ದ. ಒಳಗೆ ಪೊಳ್ಳಿದೆಯೋ ಎಂದು ನಾನು ಬೆರಳ ಗೆಣ್ಣಿನಿಂದ ಉದ್ದಕ್ಕೂ ಬಡಿದು ನೋಡಿದೆ. ಪೊಳ್ಳಿರಲಿಲ್ಲ. ಅದೂ ಸಂಶಯಕ್ಕೇ ಕಾರಣವಾಯಿತು: ಏನನ್ನೂ ಬಚ್ಚಿಡುವುದಿಲ್ಲವಾದರೆ ಇದು ಯಾತಕ್ಕೆ?

“ತೆರೆ ಮೇಲೆ ನಿಂತ್ಕಂಡು ಬಪ್ಪ ಹಲಗೆ ಆಯಿ ಇದು” ಎಂದ.

“ನೆಲದ ಮೇಲೆ ನಿಂತ್ಕಂಬಲೆ ಜಾಗ ಸಾಲ್ತಿಲ್ಯ ನಿಂಗೆ?”

ಎರಡು ವರ್ಷದ ಹಿಂದೆ ಶರಾವತಿ ಯೋಜನೆಗೆ ಬಂದಿದ್ದ ಬಿಳಿ ಎಂಜಿನಿಯರನೊಬ್ಬ ನಮ್ಮ ದಂಡೆಯಲ್ಲಿ ಹಾಗೆ ತೆರೆ ಸವಾರಿ ಮಾಡಿದ್ದನಂತೆ. ಇವನು ಅವನ ಟವೆಲ್ಲು ಹಿಡಿದು ನಿಂತಿದ್ದನಂತೆ. ಅಂದು ಹತ್ತಿದ ಹುಚ್ಚು.

ಅದಕ್ಕೆ ನೀನು ಎಣ್ಣೆ ಸುರಿದೆ. ಪಾರ್ಸೆಲ್ಲಿನ ಜೊತೆ ನೀನು ಅವನಿಗೆ ಬರೆದ ದೊಡ್ಡ ಪತ್ರವನ್ನು ನಾನು ಓದಿದ್ದೇನೆ. ಮುಚ್ಚದೆ ಬಿಟ್ಟ ಕಾಗದ ಈ ಮನೆಯಲ್ಲಿ ಎಲ್ಲರದು. ಅದು ನಿನ್ನ ಅಪ್ಪಯ್ಯನ ಕಾಲದಿಂದ ಇರುವ ಪದ್ಧತಿ. ದೊಡ್ಡ ಡಬ್ಬಿಯದು ಮರಕ್ಕೆ ಬಟ್ಟೆ ಅಂಟಿಸುವ ರಾಳ. ರಾಳದಲ್ಲಿ ಎರಡು ಜಾತಿ, ಒಂದು ಅಗ್ಗದ್ದು, ಸಿಕ್ಕಾಪಟ್ಟೆ ಸಿಗುತ್ತದೆ, ಆದರೆ ನಮ್ಮ ಉಪ್ಪುಗಾಳಿಯ ತೇವದಲ್ಲಿ ಮರ ಬಿಟ್ಟು ಹಪ್ಪಳದಂತೆ ಎದ್ದುಬರುತ್ತದೆ. ಇನ್ನೊಂದು ನೀನು ಕಳಿಸಿದ ಎಪಾಕ್ಸಿ, ಹಲಸಿನ ಮೇಣದಂತೆ, ಹಿಡಿದರೆ ಬಿಡುವುದಿಲ್ಲ ಎಂದು ಬರೆದಿದ್ದೆ. ಇಬ್ಬನಿ ಆರಿದ ಮೇಲೆಯೇ ಕೆಲಸ ಹಿಡಿ, ಗುಳ್ಳೆ ಏಳದಂತೆ ನಿಧಾನ ಕಲಸು, ಆಳದ ಪಾತ್ರೆ ಬೇಡ, ತನ್ನಷ್ಟಕ್ಕೇ ಕಾಯುತ್ತದೆ, ಅಗಲ ತಟ್ಟೆಗೆ ಹಾಕು, ಬರಿಗೈಯಲ್ಲಿ ಮುಟ್ಟಬೇಡ. ಚಿಕ್ಕ ಡಬ್ಬಿಯದು ಹೆಪ್ಪು. ಹತ್ತು ತೂಕಕ್ಕೆ ಒಂದು ತೂಕ. ಮೊಸರಿಗೆ ಹೆಪ್ಪು ಹೆಚ್ಚಾದರೆ ಹುಳಿಯಾದೀತು ಅಷ್ಟೆ, ಇಲ್ಲಿ ಹೆಚ್ಚಾದರೆ ಎಲ್ಲವೂ ಹಾಳು. ಹೀಗೆ ಎಂಟು ಪುಟ.

ಮೊದಲ ಮಗ್ಗುಲು ಚೆನ್ನಾಗಿಯೇ ಆಯಿತು ಎಂದು ಒಪ್ಪುತ್ತೇನೆ. ಹಲಗೆಯ ಮೇಲೆ ಬಟ್ಟೆ ಹಾಸಿ, ರಾಳ ಸುರಿದು, ಹಳೇ ರಬ್ಬರು ಚಪ್ಪಲಿಯ ತುಂಡಿನಿಂದ ಒತ್ತುತ್ತ ಹೋದಂತೆ ಬಿಳಿ ಬಟ್ಟೆ ನೀರಿಗೆ ಬಿದ್ದ ಸಕ್ಕರೆಯಂತೆ ಮಾಯವಾಯಿತು. ಮರದ ಒಂದೊಂದು ಗೆರೆಯೂ ಕಾಣುತ್ತಿತ್ತು. ಮರುದಿನ ನಾನೂ ಮುಟ್ಟಿ ನೋಡಿದೆ. ಉಗುರು ಇಳಿಯಲಿಲ್ಲ.

ಎರಡನೆಯ ಮಗ್ಗುಲಿನ ದಿನ, ಸಂಕ್ರಾಂತಿಯ ಹಿಂದಿನ ಭಾನುವಾರ, ಅವನು ತಟ್ಟೆಯಲ್ಲಿ ರಾಳವನ್ನೂ ತೆಂಗಿನ ಗೆರಟೆಯಲ್ಲಿ ಹೆಪ್ಪನ್ನೂ ತೂಗಿಟ್ಟು ಊಟಕ್ಕೆ ಎದ್ದುಬಂದ. ಉಂಡು ಹೋಗಿ ಎರಡನ್ನೂ ಕಲಸಿದ. ಅರ್ಧ ಸುರಿಯುವುದರೊಳಗೆ ತಟ್ಟೆ ಹೊಗೆಯಾಡಿತು. ತಟ್ಟೆ ಹಿಡಿದಿದ್ದ ತಿಮ್ಮನ ಅಂಗೈ ಬೆಂದಿತು. ಸುರಿದದ್ದು ಒಂದು ಕಡೆ ಗಂಟುಗಂಟಾಗಿ ಹಳದಿಗೆ ತಿರುಗಿತು, ಇನ್ನೊಂದು ಕಡೆ ಇವತ್ತಿಗೂ ಕೈಗೆ ಅಂಟುತ್ತದೆ. ಹಲಗೆ ಈಗ ಹುಣ್ಣೆದ್ದ ಎಮ್ಮೆಯ ಬೆನ್ನಿನಂತಿದೆ.

ಆ ಮಧ್ಯಾಹ್ನ ಮನೆಯಲ್ಲಿದ್ದವರು ನಾಲ್ಕೇ ಜನ. ನಾನು ತಿಮ್ಮನನ್ನು ಕರೆದು ಕೇಳಿದೆ. ಅವನ ಕೈಗೆ ನಾನೇ ಎಣ್ಣೆ ಹಚ್ಚಿದ್ದೆ, ಆದರೂ ಕೇಳಿದೆ. ಅವನು ಕೈ ಚಾಚಿ ತೋರಿಸಿದ. “ದೋಣಿ ಕೆಲ್ಸ ಮಾಡ್ತೇ ತಲೆ ಹಣ್ಣಾಯ್ತು ಅಮ್ಮಾ. ನಾ ಕೆಡ್ಸೂದಾದ್ರೆ ನನ್ ಕೈನೇ ಸುಟ್ಕಣ್ತಿದ್ನಾ?” ಎಂದ. ನಾನು ಹೊರಡು ಎಂದು ಅಂಗಳ ತೋರಿಸಿದೆ. ಅವನು ಉಳಿ, ಬಾಚಿ ಎತ್ತಿಕೊಂಡು ಹೋದವನು ಮತ್ತೆ ಬಂದಿಲ್ಲ.

ಗಣಪಿಯನ್ನೂ ಬಿಡಲಿಲ್ಲ. ಅವಳು ನನ್ನನ್ನೇ ಕೇಳಿದಳು: “ಅದಿರ್ಲಿ ಅಮ್ಮಾ, ಹಾಲಿಗೆ ಹೆಪ್ಪು ಹಾಕೂ ಸೌಟು ಎಲ್ಲಿ ಹೋಯ್ತ್ರಾ? ನಾಕ್ ದಿನಾ ಆಯ್ತು, ಕಾಣೂದಿಲ್ಲ.” ಅದನ್ನೂ ನೀನೇ ಕದ್ದಿರಬೇಕು ಎಂದು ಬೈದೆ.

ಕೃಷ್ಣಾನಂದ ತಕ್ಕಡಿಯನ್ನು ಕುಮಟೆಗೆ ಒಯ್ದು ಪರೀಕ್ಷೆ ಮಾಡಿಸಿ ಬಂದ. ಅದರಲ್ಲಿ ದೋಷವಿಲ್ಲ. “ತಕ್ಕಡಿ ಸರಿ ಇದ್ದು, ಎನ್ನ ಕೈ ಸರಿ ಇದ್ದು. ಅಂದ್ಮೇಲೆ ಅಣ್ಣ ಕಳ್ಸಿದ ಮಾಲೇ ಸರಿ ಇಲ್ಲೆ” ಎಂದ.

“ಮೊದಲ ಮಗ್ಗುಲಿಗೂ ಅದೇ ಡಬ್ಬಿದೇ ಅಲ್ದ ಹಾಕಿದ್ದು?” ಎಂದು ನಾನು ಕೇಳಬಹುದಿತ್ತು. ಕೇಳಲಿಲ್ಲ. ಅಂದು ರಾತ್ರಿಯೂಟಕ್ಕೂ ಕೂರದೆ ಅವನು ನಿನಗೆ ಆ ಕಾಗದ ಬರೆದ.

ಇಲ್ಲಿ ಮಿಕ್ಕಂತೆ ಎಲ್ಲ ಸರಿಯಿದೆ. ಕಪ್ಪು ಎಮ್ಮೆ ಕರು ಹಾಕಿತು. ಮಗುವಿಗೆ ಹಲ್ಲು ಬಂತೋ ಬರೆ. ಲಕ್ಷ್ಮಿಗೆ ಬಾಳಂತಿ ಲೇಹ್ಯ ನಿಲ್ಲಿಸಬೇಡ ಎಂದು ಹೇಳು. ನಿಮ್ಮ ಮೂವರ ತಲೆಯ ಮೇಲೂ ನನ್ನ ಕೈ ಇದೆ ಎಂದು ತಿಳಿ, ಧಾರಾನಾಥ ಕಾಯಲಿ.

ನಿನ್ನ ಆಯಿ
ಸುಬ್ಬಲಕ್ಷ್ಮಿ

ತಾ.ಕ. – ಮೇಲಿನದು ಬೆಳಿಗ್ಗೆ ಬರೆದದ್ದು. ಮಡಚಿಟ್ಟು ಮೊಸರು ಕಡೆಯಲು ಕೂತೆ. ಬರೆಯದೆ ಬಿಟ್ಟದ್ದು ಕೂರಗೊಡಲಿಲ್ಲ, ಏಳಬೇಕಾಯಿತು.

ನಿನ್ನ ಪತ್ರದ ಆರನೆಯ ಪುಟದಲ್ಲಿ, ಹತ್ತಕ್ಕೆ ಒಂದು ಎಂದ ಮೇಲೆ ಇನ್ನೊಂದು ಸಾಲಿತ್ತು. ಮೇಲೆ ನಾನು ಅದನ್ನು ಬಿಟ್ಟಿದ್ದೇನೆ. ‘ತೂಗಿಯೇ ಹಾಕು ಮಾರಾಯ, ಆಯಿಯ ಕೈ ಅಂದಾಜು ಇಲ್ಲಿ ನಡೆಯುವುದಿಲ್ಲ.’ ಕೃಷ್ಣಾನಂದ ಅದನ್ನು ಓದಿ ಒಬ್ಬನೇ ನಗುವುದನ್ನು ನಾನು ಕಿಟಕಿಯಿಂದ ನೋಡಿದ್ದೆ. ಮಹಾಬಲ, ನಾನು ಮ್ಯಾಟ್ರಿಕ್ ತನಕ ಓದಿದವಳು. ಹತ್ತಕ್ಕೆ ಒಂದಾದರೆ ಮೂವತ್ತಕ್ಕೆ ಎಷ್ಟು ಎಂದು ಪಾಟಿಯ ಮೇಲೆ ನಿನ್ನ ಕೈ ಹಿಡಿದು ಕಲಿಸಿದವಳು ಯಾರು?

ಆ ಭಾನುವಾರ ಅವನಿಗೆ ಎರಡನೇ ಸಲ ಅನ್ನ ಬಡಿಸಿ, ಮಜ್ಜಿಗೆ ತರುತ್ತೇನೆಂದು ಎದ್ದೆ. ತಿಮ್ಮ ಜಗಲಿಯಲ್ಲಿ ಉಣ್ಣುತ್ತಿದ್ದ. ಹೆಪ್ಪಿನ ಸೌಟು ನನ್ನ ಕೈಯಲ್ಲೇ ಇತ್ತು. ಮಾಡಿಗೆ ಹೋಗಿ ಚಿಕ್ಕ ಡಬ್ಬಿಯಿಂದ ಒಂದು ಸೌಟು ತೆಗೆದು ಗೆರಟೆಗೆ ಹಾಕಿ ಬಂದೆ. ಗೆರಟೆಯ ಒಳಗು ಕಪ್ಪು, ಹೆಚ್ಚಾದದ್ದು ಯಾರಿಗೂ ಕಾಣುವುದಿಲ್ಲ. ನನ್ನ ಅಂದಾಜೂ ನಡೆಯುತ್ತದೆ, ಬೇಗ ಗಟ್ಟಿಯಾಗಲಿ ಎಂದು ಹಾಕಿದೆನೋ, ಕೆಡಲಿ ಎಂದೇ ಹಾಕಿದೆನೋ, ಇಷ್ಟು ದಿನದಿಂದ ನನ್ನನ್ನೇ ವಿಚಾರಿಸುತ್ತಿದ್ದೇನೆ. ಉತ್ತರ ದಿನಕ್ಕೊಂದು ಬರುತ್ತದೆ. ಸೌಟನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ, ವಾಸನೆ ಹೋಗಲಿಲ್ಲ. ಬಾವಿಕಟ್ಟೆಯ ತೆಂಗಿನ ಬುಡದಲ್ಲಿ ಹೂತಿದ್ದೇನೆ.

ಒಬ್ಬನ ಕೈ ಸುಡುತ್ತದೆ ಎಂದು ಗೊತ್ತಿದ್ದರೆ ಹಾಕುತ್ತಿರಲಿಲ್ಲ. ಇಷ್ಟನ್ನು ನಂಬು. ನಾಳೆ ಗಣಪಿಯನ್ನು ಕರೆದುಕೊಂಡು ಮಾವಿನಕುರ್ವೆಗೆ ದೋಣಿ ದಾಟಿ ಹೋಗಿ ತಿಮ್ಮನನ್ನು ಕರೆಯುತ್ತೇನೆ. ಗಣಪಿಗೆ ದಾರಿಯಲ್ಲಿ ಹೇಳುತ್ತೇನೆ, ನಗುತ್ತಾಳೆ, ನಗಲಿ. ಕೃಷ್ಣಾನಂದನ ಮುಖ ನೋಡಿ ಹೇಳಲು ಮಾತ್ರ ನನ್ನಿಂದ ಆಗುವುದಿಲ್ಲ. ಈ ಪತ್ರವನ್ನು ಮುಚ್ಚದೆ ಅವನ ಮೇಜಿನ ಮೇಲೆ ಇಡುತ್ತೇನೆ, ಅಂಚೆಗೆ ಹಾಕು ಎಂದು. ಮನೆಯ ಪದ್ಧತಿ ಅವನಿಗೂ ಗೊತ್ತು.

ಅವನಿಗೆ ಹೊಸ ಡಬ್ಬಿಗಳನ್ನು ಕಳಿಸು. ನನಗೆ ಬರೆಯುವುದಿದ್ದರೆ ಕಾರ್ಡು ಬೇಡ. ಬೈಯಲಿಕ್ಕೇ ಆದರೂ ಎಂಟು ಪುಟ ಬರೆ.