ಹೊರಟವರು ಕೇಳುವ ಮಾತು

‘ಸೆರ್ಚೆ’ ಹಡಗಿನಿಂದ,
ಚೊಕೆರ್ತ್ಮೆ ಕೊಲ್ಲಿ, ಗೊಕೊವಾ
ಮಂಗಳವಾರ, 10 ಸೆಪ್ಟೆಂಬರ್ 1996

ನಿಹಾತ್,

‘ಪ್ರೀತಿಯ’ ಎಂದು ಬರೆಯಲು ಕೈ ಹೋಗಿತ್ತು, ತಡೆದುಕೊಂಡೆ. ಮೊದಲು ಆರೋಗ್ಯ ವಿಚಾರಿಸಬೇಕು, ಆಮೇಲೆ ಸುದ್ದಿ ಹೇಳಬೇಕು ಎಂದು ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಪತ್ರ ಬರೆಯುವ ಕ್ರಮ ಕಲಿಸಿದವಳು ನಾನು. ಆದರೆ ನಿನ್ನ ಆರೋಗ್ಯವನ್ನು ನಾನೇನು ವಿಚಾರಿಸಲಿ? ಅದು ನಿನ್ನ ಜೀವದ ಗೆಳೆಯ ಜೆವ್ದೆತ್‌ಗೆ ಗೊತ್ತು, ಅವನ ಹೆಂಡತಿ ಮುಜೆಯ್ಯೆನ್‌ಗೆ ಗೊತ್ತು, ನಮ್ಮ ಮಗಳು ನಿಲ್ಗುನ್‌ಗೆ ಗೊತ್ತು, ಈ ಹಡಗಿನ ಕಪ್ತಾನ ರೆಜೆಪ್‌ಗೂ ಅರ್ಧಂಬರ್ಧ ಗೊತ್ತು. ನಾಡಿದ್ದು ಗುರುವಾರ ಬೆಳಿಗ್ಗೆ ಇಜ್ಮಿರ್‌ನ ಆಸ್ಪತ್ರೆಯಲ್ಲಿ ನಿನ್ನ ಎದೆ ತೆರೆದು ಹೃದಯದ ಆಪರೇಷನ್ ಮಾಡುತ್ತಾರೆ ಎನ್ನುವುದು ಗೊತ್ತಿರಲೇಬೇಕಾಗಿದ್ದೂ ಗೊತ್ತಿಲ್ಲದೆ ಉಳಿದವಳು ಒಬ್ಬಳೇ. ಅವಳು ನಿನ್ನ ಹೆಂಡತಿ. ಅವಳನ್ನು ನೀನು ಕೈಯಾರೆ ಹಡಗು ಹತ್ತಿಸಿ, ಈಜಿ ಬಾ, ಬಿಸಿಲು ಕಾಯಿಸಿಕೊಂಡು ಬಾ ಎಂದು ಕಳಿಸಿದೆ.

ಇಲ್ಲಿ ಎಲ್ಲ ಸುಂದರವಾಗಿದೆ, ಸುಡಲಿ. ಪೈನ್ ಮರಗಳು ಬೆಟ್ಟದಿಂದ ನೀರಿನವರೆಗೂ ಇಳಿದಿವೆ. ನೀರು ತಳ ಕಾಣುವಷ್ಟು ತಿಳಿಯಾಗಿದೆ. ದಡದ ಮೇಲೆ ಯಾರದೋ ಆಡುಗಳು ಗಂಟೆ ಅಲ್ಲಾಡಿಸಿಕೊಂಡು ಮೇಯುತ್ತಿವೆ. ಪ್ರತಿ ವರ್ಷ ಈ ಜಾಗಕ್ಕೆ ಬಂದಾಗ ನೀನು ಮೊದಲು ನೀರಿಗೆ ಹಾರಿ, ಆಮೇಲೆ ‘ತಣ್ಣಗಿದೆಯಾ’ ಎಂದು ನಮ್ಮನ್ನು ಕೇಳುತ್ತಿದ್ದೆ. ಈ ಸಲ ಯಾರೂ ಹಾರಲಿಲ್ಲ. ಏಣಿ ಹಿಡಿದು, ಒಂದೊಂದೇ ಕಾಲು ಇಳಿಸಿ, ಮರ್ಯಾದಸ್ಥರ ಹಾಗೆ ಸ್ನಾನ ಮಾಡಿಕೊಂಡು ಬಂದೆವು.

ಶನಿವಾರ ಬೋದ್ರುಮ್‌ನ ಧಕ್ಕೆಯ ಮೇಲೆ ನೀನು ಆಡಿದ ನಾಟಕವನ್ನು ಈಗ ಒಂದೊಂದಾಗಿ ಬಿಡಿಸಿ ನೋಡುತ್ತಿದ್ದೇನೆ. ಕಾರಿನಿಂದ ಇಳಿಯುತ್ತಿದ್ದ ಹಾಗೇ ಸೊಂಟ ಹಿಡಿಯಿತು ಎಂದೆ. ಹಡಗಿನ ಹಾಸಿಗೆ ಆಗುವುದಿಲ್ಲ, ಸಂಜೆಯ ಬಸ್ಸಿಗೆ ಮನೆಗೆ ಹೋಗಿ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗುತ್ತೇನೆ ಎಂದೆ. ನಾನೂ ವಾಪಸು ಬರುತ್ತೇನೆ ಎಂದಾಗ ಹತ್ತುವಾಗ ಬಿಚ್ಚಿಟ್ಟ ನನ್ನ ಚಪ್ಪಲಿ ಆಗಲೇ ಹಡಗಿನ ಬುಟ್ಟಿಯಲ್ಲಿತ್ತು, ಜೆವ್ದೆತ್ ನನ್ನ ಚೀಲವನ್ನು ನಿನ್ನ ಕೈಯಿಂದ ಕಿತ್ತುಕೊಂಡು ಒಳಗೆ ಒಯ್ದಾಗಿತ್ತು. ಅವನ ಸೌಜನ್ಯ ಕಂಡು ನನಗೆ ಆಶ್ಚರ್ಯವಾಯಿತು. ಭಾರ ಎತ್ತಬಾರದೆಂದು ನಿನಗೆ ಡಾಕ್ಟರು ಹೇಳಿದ್ದರಂತೆ, ಇವತ್ತು ತಿಳಿಯಿತು. ಕೊನೆಯಲ್ಲಿ, ಹಗ್ಗ ಬಿಚ್ಚುವ ಹೊತ್ತಿಗೆ, ನನ್ನ ಬಾಯಿ ತುಂಬ ಎಳ್ಳು ಮೆತ್ತಿದ ಸಿಮಿತ್ ರೊಟ್ಟಿ ಇದ್ದಾಗ, ನೀನು ಮೆಲ್ಲಗೆ ಹೇಳಿದೆ:

“ನೆಜಿಹೆ, ನನ್ನ ಮೇಲಿರೋ ನಿನ್ನ ಹಕ್ಕನ್ನೆಲ್ಲ ಹಲಾಲ್ ಮಾಡಿಬಿಡು, ಮನ್ನಾ ಮಾಡಿಬಿಡು.”

ನಾನು ಎಳ್ಳು ಉದುರಿಸುತ್ತ ನಕ್ಕುಬಿಟ್ಟೆ. ಹಡಗು ಹತ್ತಿದವಳು ನಾನು, ನಾನು ಕೇಳಬೇಕಾದ್ದನ್ನು ಇವನು ಕೇಳುತ್ತಿದ್ದಾನಲ್ಲ, ಚೇಷ್ಟೆ ಮಾಡುತ್ತಿದ್ದಾನೆ ಎಂದುಕೊಂಡೆ. “ಆಯ್ತು ಹೋಗು, ಹಲಾಲ್” ಎಂದೆ. ಅಷ್ಟು ಸುಲಭವಾಗಿ. ಭಿಕ್ಷುಕನಿಗೆ ಚಿಲ್ಲರೆ ಹಾಕುವಾಗಲೂ ಮನುಷ್ಯ ಒಮ್ಮೆ ಕೈ ನೋಡಿಕೊಳ್ಳುತ್ತಾನೆ. ನಾನು ಅದನ್ನೂ ಮಾಡಲಿಲ್ಲ.

ಆಮೇಲಿನ ದಿನಗಳಲ್ಲಿ ಈ ಹಡಗಿನ ಮೇಲೆ ನನಗೆ ನಡೆದ ಉಪಚಾರವನ್ನು ನೀನು ನೋಡಬೇಕಿತ್ತು. ಮುಜೆಯ್ಯೆನ್ ಮೀನಿನ ಕೆನ್ನೆಯ ಮಾಂಸ ಬಿಡಿಸಿ ನನ್ನ ತಟ್ಟೆಗೆ ಹಾಕಿದಳು. ಹೈಸ್ಕೂಲಿನಿಂದ ಅವಳನ್ನು ಬಲ್ಲೆ, ಮೀನಿನ ಕೆನ್ನೆಯನ್ನು ತನ್ನ ಮಕ್ಕಳಿಗೂ ಬಿಟ್ಟುಕೊಟ್ಟವಳಲ್ಲ. ಜೆವ್ದೆತ್ ನನ್ನ ಜೊತೆ ಪಗಡೆಗೆ ಕೂತ. ದಾಳ ಅವನ ಕಡೆಗೇ ಬೀಳುತ್ತಿತ್ತು, ಆದರೂ ಕುರುಡನ ಹಾಗೆ ಕಾಯಿ ನಡೆಸಿ ಸೋತ. ಸೋತವನು ಹಲಗೆಯನ್ನು ಮಡಿಚಿ ಎಸೆಯಲಿಲ್ಲ, ದಾಳಕ್ಕೆ ಶಾಪ ಹಾಕಲಿಲ್ಲ, ‘ನೀನು ಚೆನ್ನಾಗಿ ಆಡಿದೆ ಅಕ್ಕಾ’ ಎಂದ. ನೆರಳಿನ ಜಾಗ ನನಗೆ, ಮೆತ್ತನೆ ದಿಂಬು ನನಗೆ, ಹಣ್ಣಾದ ಅಂಜೂರ ನನಗೆ. ಗಂಡ ಬಾರದ್ದಕ್ಕೆ ಪಾಪ ಎನ್ನುತ್ತಿದ್ದಾರೆ ಎಂದುಕೊಂಡು ನಾನು ತಿಂದೆ, ಚೆನ್ನಾಗಿಯೇ ತಿಂದೆ. ಈಗ ಅರ್ಥವಾಗುತ್ತಿದೆ. ಅವರು ನನ್ನನ್ನು ಆಗಲೇ ವಿಧವೆ ಮಾಡಿ ಸಾಕುತ್ತಿದ್ದರು.

ಇವತ್ತು ಮಧ್ಯಾಹ್ನ, ನಮ್ಮ ಜೊತೆ ಹಡಗು ಹತ್ತಿದ ಗೆಳತಿ ಸಬಿಹಾ ಬಾಯಿ ಬಿಡದಿದ್ದರೆ ಇನ್ನೂ ತಿನ್ನುತ್ತಲೇ ಇರುತ್ತಿದ್ದೆ. ಅವಳು ಹೇಗೆಂದು ನಿನಗೆ ಗೊತ್ತಲ್ಲ. ಗಂಡ ಸತ್ತ ಮೇಲೆ ಅವಳ ಕೋಪವೆಲ್ಲ ಬೇರೆಯವರ ಗಂಡಂದಿರ ಮೇಲೆ. ಅವಳಿಗೆ ಗುಟ್ಟು ಹೇಳಬಾರದೆಂಬ ಬುದ್ಧಿ ನಿನಗಿತ್ತು, ಆದರೆ ಹಲಾಲ್ ಕೇಳದೆ ಬಿಡುವಷ್ಟು ಬುದ್ಧಿ ಇರಲಿಲ್ಲ. ಬದನೆಕಾಯಿ ಬಡಿಸಿಕೊಳ್ಳುತ್ತ ಅವಳು ಎಲ್ಲರೆದುರು ಕೇಳಿದಳು:

“ಅಲ್ಲ ನೆಜಿಹೆ, ನಿನ್ ಗಂಡ ಹಜ್‌ಗೆ ಹೊರಟಿದಾನೇನೇ? ಹೋದ ವಾರ ಫೋನ್ ಮಾಡಿ ಹಲಾಲ್ ಮಾಡು ಅಂದ. ರಕಿ ಕುಡಿದು ನಮ್ಮನೆ ಸೋಫಾದ ಮೇಲೆ ಮಲಗಿದವನು, ಅವನಿಗೆಂಥ ಹಜ್ಜು!”

ನಾನು ನಗುತ್ತಿದ್ದೆ. ನನ್ನ ಜೊತೆ ಬೇರೆ ಯಾರೂ ನಗಲಿಲ್ಲ. ಜೆವ್ದೆತ್ ರೊಟ್ಟಿ ಮುರಿಯುತ್ತಿದ್ದವನು ಮುರಿಯುತ್ತಲೇ ಹೋದ, ತಟ್ಟೆಯಲ್ಲಿ ಪುಡಿಯ ಗುಡ್ಡೆಯಾಯಿತು. ಮಜ್ಜಿಗೆ ತಂದಿಟ್ಟ ಕಪ್ತಾನ, ಪಾಪ, ನನ್ನನ್ನು ಸಮಾಧಾನ ಮಾಡಲು, ‘ಅಣ್ಣಾವ್ರು ಧಕ್ಕೇಲಿ ನನ್ನನ್ನೂ ಕೇಳಿದ್ರಮ್ಮ, ಮನಸಾರೆ ಕೊಟ್ಟಿದೀನಿ’ ಎಂದ. ಆಗ ನನಗೆ ತಿಳಿಯಿತು. ನನಗೆ ಯಾರೂ ಹೇಳಬೇಕಾಗಲಿಲ್ಲ, ನಿಹಾತ್. ನಮ್ಮಲ್ಲಿ ಹಲಾಲ್ ಕೇಳುವುದು ಹೊರಟವರು, ಯಾರ ಋಣವನ್ನೂ ಹೊತ್ತು ಸಾಯಬಾರದೆಂದು. ಸೈನ್ಯಕ್ಕೆ ಹೊರಟವನು ಕೇಳುತ್ತಾನೆ, ಹಜ್‌ಗೆ ಹೊರಟವನು ಕೇಳುತ್ತಾನೆ. ಬಾಯಿಲ್ಲದವನಿಗಾಗಿ ಇಮಾಮರು ಶವದ ಪೆಟ್ಟಿಗೆಯ ಪಕ್ಕ ನಿಂತು ಕೇಳುತ್ತಾರೆ. ದಡದಲ್ಲಿ ಉಳಿದವನು ಕೇಳುವುದಿಲ್ಲ. ನೀನು ಕೇಳಿದ್ದೀಯ. ಹಾಗಾದರೆ ಶನಿವಾರ ಹೊರಟವಳು ನಾನಲ್ಲ, ನೀನು.

ಎಲ್ಲಿಗೆ ಎಂದು ಜೆವ್ದೆತ್‌ನನ್ನು ಕೇಳಿದೆ. ಸುಳ್ಳು ಹೇಳಲು ಬಾರದವನನ್ನು ನೀನು ಕಾವಲಿಗೆ ಇಟ್ಟಿದ್ದೆ. ಎಲ್ಲವನ್ನೂ ಕಕ್ಕಿದ. ಜುಲೈಯಿಂದಲೇ ನಿನಗೆ ಎದೆನೋವು ಇತ್ತಂತೆ. ಸಂತೆಯಿಂದ ಏರು ಹತ್ತಿ ಬರುವಾಗ ನೀನು ಹೆಂಗಸರ ಚಪ್ಪಲಿ ಅಂಗಡಿಯ ಗಾಜಿನ ಮುಂದೆ ನಿಲ್ಲುತ್ತಿದ್ದದ್ದು ಅದಕ್ಕೇ. ನನಗೆ ಚಪ್ಪಲಿ ಕೊಡಿಸುವ ಯೋಚನೆಯಲ್ಲಿದ್ದೀಯ ಎಂದು ಒಳಗೊಳಗೇ ಖುಷಿಪಟ್ಟಿದ್ದೆ. ಮೂರು ರಕ್ತನಾಳ ಕಟ್ಟಿಹೋಗಿವೆಯಂತೆ. ಆಪರೇಷನ್ ಆದ ಮೇಲೆ ಎಲ್ಲ ಸರಿಹೋದರೆ ನಿಲ್ಗುನ್ ದಡದ ಹೋಟೆಲಿಗೆ ಫೋನ್ ಮಾಡಿ ಹೇಳುವುದಂತೆ. ಸರಿಹೋಗದಿದ್ದರೆ? ಅದನ್ನು ಮುಜೆಯ್ಯೆನ್ ಹೇಳಿದಳು. ‘ಹಾಗೇನಾದ್ರೂ ಆದ್ರೆ, ಅವಳು ಇನ್ನೊಂದಿನ ಸಮುದ್ರ ನೋಡಿಕೊಂಡಿರಲಿ, ಅವಸರ ಮಾಡ್ಬೇಡಿ’ ಎಂದು ನೀನು ಹೇಳಿದ್ದೀಯಂತೆ.

ಈ ಮಾತು ಕೇಳಿ ನನ್ನ ಮೈಯೆಲ್ಲ ಉರಿದುಹೋಯಿತು. ಈಗಲೂ ಉರಿಯುತ್ತಿದೆ, ಅಕ್ಷರ ನೋಡಿದರೆ ಗೊತ್ತಾಗುತ್ತದೆ. ನೀನು ಶವಾಗಾರದಲ್ಲಿರುವಾಗ ನಾನು ಕರಿದ ಸ್ಕ್ವಿಡ್‌ಗೆ ನಿಂಬೆಹಣ್ಣು ಹಿಂಡುತ್ತ ಕೂತಿರಬೇಕಾಗಿತ್ತೇ? ಅದನ್ನು ನೀನು ನನಗೆ ಮಾಡಿದ ಉಪಕಾರ ಎಂದುಕೊಂಡೆಯಾ? ನನ್ನ ತಮ್ಮ ಆಪರೇಷನ್ ಟೇಬಲ್ ಮೇಲೆಯೇ ತೀರಿಹೋದಾಗ ನಾನು ಆಸ್ಪತ್ರೆಯ ನೆಲದ ಮೇಲೆ ಬಿದ್ದು ಅತ್ತದ್ದನ್ನು ನೀನು ನೋಡಿದ್ದೀಯ, ಮತ್ತೆ ಹಾಗಾಗುವುದು ಬೇಡ ಎಂದು ಹೀಗೆ ಮಾಡಿದ್ದೀಯ ಎಂದು ಜೆವ್ದೆತ್ ನಿನ್ನ ಪರ ವಕಾಲತ್ತು ವಹಿಸಿದ. ನಾನು ಅವನಿಗೆ ಹೇಳಿದ್ದನ್ನು ನಿನಗೂ ಹೇಳುತ್ತೇನೆ. ನೆಲದ ಮೇಲೆ ಬಿದ್ದು ಅಳುವುದು ನನ್ನ ಕೆಲಸ. ಅದನ್ನು ನನ್ನಿಂದ ಕಿತ್ತುಕೊಳ್ಳಲು ನೀನು ಯಾರು?

ದಡದ ಹೋಟೆಲಿನಲ್ಲಿ ಫೋನ್ ಇದೆ. ಆಸ್ಪತ್ರೆಯ ನಂಬರನ್ನೂ ಜೆವ್ದೆತ್ ಹೆದರಿಕೊಂಡೇ ಕೊಟ್ಟ. ರಿಸೀವರ್ ಎತ್ತಿದವಳು ಕೆಳಗಿಟ್ಟೆ. ನಿನ್ನ ದನಿ ಕೇಳಿದರೆ ನಾನು ಅತ್ತುಬಿಡುತ್ತೇನೆ, ಅಳುವವರನ್ನು ಸಮಾಧಾನ ಮಾಡುವುದರಲ್ಲಿ ನೀನು ಪಳಗಿದವನು. ಎರಡು ಮಾತಿನಲ್ಲಿ ನನ್ನನ್ನು ನಗಿಸಿ, ನನ್ನ ಕೋಪವನ್ನೂ ಎತ್ತಿಕೊಂಡು ಹೋಗಿಬಿಡುತ್ತೀಯ. ಕಾಗದದ ಮೇಲೆ ನಿನ್ನ ಆಟ ನಡೆಯುವುದಿಲ್ಲ. ಆದ್ದರಿಂದ ಹೋಟೆಲಿನವನ ಹತ್ತಿರ ಹಾಳೆ ಇಸಿದುಕೊಂಡು ಬರೆಯುತ್ತಿದ್ದೇನೆ. ಕಪ್ತಾನನ ಭಾವಮೈದ ಇಲ್ಲಿಂದ ಸಂಜೆ ಮೀನಿನ ಲಾರಿ ಹೊಡೆದುಕೊಂಡು ಇಜ್ಮಿರ್ ಮಾರುಕಟ್ಟೆಗೆ ಹೋಗುತ್ತಾನೆ. ನಾಳೆ ಬೆಳಿಗ್ಗೆ ಪತ್ರ ನಿನ್ನ ಕೈಗೆ ಬರುತ್ತದೆ.

ಈಗ ಕೇಳು. ನಿನ್ನ ಹಲಾಲ್ ಮೋಸದ ಹಲಾಲ್. ಕುಂಟು ಕುದುರೆಯ ಕಾಲಿಗೆ ಬಟ್ಟೆ ಸುತ್ತಿ ಮಾರಿದ ಹಾಗೆ. ಏನು ಕೇಳುತ್ತಿದ್ದೀಯ ಎಂದು ನನಗೆ ತಿಳಿಸದೆ, ಬಾಯಲ್ಲಿ ರೊಟ್ಟಿ ಇರುವ ಹೊತ್ತು ನೋಡಿ ಪಡೆದೆ. ಅದು ನಡೆಯುವುದಿಲ್ಲ. ನಾನು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಪೂರ್ತಿಯಾಗಿ. ಎರ್ಜುರುಮ್‌ನಲ್ಲಿ ಮದುವೆಯಾದ ಮೊದಲ ಚಳಿಗಾಲ ನನ್ನನ್ನು ಹೊಗೆ ಕಾರುವ ಒಲೆಯ ಜೊತೆ ಬಿಟ್ಟು ನೀನು ಬೇಟೆಗೆ ಹೋದದ್ದು ಹಲಾಲ್ ಅಲ್ಲ. ನಿನ್ನ ಅಮ್ಮ ನಮ್ಮ ಮನೆಯಲ್ಲಿದ್ದಷ್ಟು ಕಾಲ ನನ್ನ ಅಡುಗೆಗೆ ಉಪ್ಪು ಸಾಲದೆಂದಾಗ ನೀನು ತಲೆ ತಗ್ಗಿಸಿ ಉಪ್ಪಿನ ಬಟ್ಟಲು ಅವಳ ಕಡೆ ಸರಿಸುತ್ತಿದ್ದೆಯಲ್ಲ, ಅದು ಹಲಾಲ್ ಅಲ್ಲ. ಅಂಗಳದ ದಾಳಿಂಬೆ ಗಿಡವನ್ನು ನನ್ನನ್ನು ಕೇಳದೆ ಕಡಿಸಿದ್ದು ಹಲಾಲ್ ಅಲ್ಲ. ಇವನ್ನೆಲ್ಲ ಎಂದೋ ಮರೆತಿದ್ದೆ, ನಿನ್ನಿಂದಾಗಿ ಮತ್ತೆ ನೆನಪಾಗುತ್ತಿವೆ. ಒಳ್ಳೆಯದನ್ನು ಈಗ ನೆನೆಸಿಕೊಳ್ಳುವುದಿಲ್ಲ, ಅದಕ್ಕೆ ಈ ಹಾಳೆ ಸಾಲುವುದಿಲ್ಲ, ನನ್ನ ಕೋಪಕ್ಕೂ ಅದು ಒಳ್ಳೆಯದಲ್ಲ.

ನಾನು ಬರುವುದೂ ಇಲ್ಲ. ಹಡಗು ಹತ್ತಿಸಿದವನು ನೀನು, ನಾನು ಹಡಗಿನಲ್ಲೇ ಇರುತ್ತೇನೆ. ಮಧ್ಯಾಹ್ನದಿಂದ ಜೆವ್ದೆತ್ ಮತ್ತು ಮುಜೆಯ್ಯೆನ್ ಹಡಗಿನ ಮೂತಿಯಲ್ಲಿ ಶಿಕ್ಷೆ ಹಾಕಿಸಿಕೊಂಡ ಮಕ್ಕಳ ಹಾಗೆ ಕೂತಿದ್ದಾರೆ. ಅವರ ಜೊತೆ ಮಾತು ಬಿಟ್ಟಿದ್ದೇನೆ. ಸಬಿಹಾ ಮಾತ್ರ ನನ್ನ ಪಕ್ಕ ಕೂತು ನಿನ್ನನ್ನು ಬೈಯುತ್ತಿದ್ದಾಳೆ, ಮಧ್ಯೆ ಮಧ್ಯೆ ನಿನಗಾಗಿ ದುವಾ ಓದುತ್ತಿದ್ದಾಳೆ. ನಿಲ್ಗುನ್‌ಗೆ ಹೇಳು, ಅವಳ ಪಾಳಿ ಆಮೇಲೆ ಬರುತ್ತದೆ. ನಿನ್ನ ಕಾಲಿಗೆ ರಾತ್ರಿ ಉಣ್ಣೆಯ ಕಾಲುಚೀಲ ಹಾಕಲಿ, ಆಸ್ಪತ್ರೆಯವರು ಕೊಡುವ ಹೊದಿಕೆ ತೆಳ್ಳಗಿರುತ್ತದೆ.

ಅಲ್ಲಾಹ್ ನಿನ್ನನ್ನು ಎಲ್ಲದರಿಂದ ಕಾಪಾಡಲಿ. ನನ್ನಿಂದ ಕಾಪಾಡುವುದು ಸ್ವಲ್ಪ ಕಷ್ಟವೇ.

ಇನ್ನೂ ವಿಧವೆಯಾಗದ ನಿನ್ನ ಹೆಂಡತಿ,
ನೆಜಿಹೆ

ಮರೆತದ್ದು: ಲಾರಿಯವನು ಬಂದಿದ್ದಾನೆ. ಮುಂದಿನ ಸೀಟಿನಲ್ಲಿ ಒಬ್ಬರಿಗೆ ಜಾಗವಿದೆ ಎನ್ನುತ್ತಾನೆ. ಚೀಲ ತೆಗೆದುಕೊಂಡಿಲ್ಲ, ಚಪ್ಪಲಿ ಮಾತ್ರ ಸಿಕ್ಕಿತು. ಈ ಪತ್ರವನ್ನು ನಾನೇ ತರುತ್ತಿದ್ದೇನೆ. ಬೆಳಿಗ್ಗೆ ನರ್ಸ್ ಕೈಯಲ್ಲಿ ಒಳಗೆ ಕಳಿಸಿ, ನೀನು ಓದುವವರೆಗೆ ಬಾಗಿಲ ಹೊರಗೆ ನಿಂತಿರುತ್ತೇನೆ, ಮೀನಿನ ವಾಸನೆ ಬಂದರೆ ಅದು ನಾನೇ. ಗುರುವಾರ ನಿನ್ನನ್ನು ಗಾಲಿಮಂಚದ ಮೇಲೆ ತಳ್ಳಿಕೊಂಡು ಹೋಗುವಾಗ ಆ ಮಾತು ಮತ್ತೆ ಕೇಳಬೇಡ. ಕೇಳಿದರೆ ಡಾಕ್ಟರುಗಳ ಮುಂದೆಯೇ ಇಲ್ಲ ಎನ್ನುತ್ತೇನೆ, ಎಷ್ಟು ಸಲ ಕೇಳಿದರೂ ಅಷ್ಟೂ ಸಲ ಇಲ್ಲ ಎನ್ನುತ್ತೇನೆ. ಋಣ ಹೊತ್ತುಕೊಂಡೇ ಒಳಗೆ ಹೋಗು, ಹೊತ್ತುಕೊಂಡೇ ಹೊರಗೆ ಬಾ. ನೀನು ನಮಾಜಿಗೆ ಹೋಗುವವನಲ್ಲ, ಆದರೆ ನನ್ನ ಹಕ್ಕು ತೀರಿಸದೆ ಸಾಯುವ ಎದೆಗಾರಿಕೆ ನಿನಗಿಲ್ಲ. ಅದೊಂದನ್ನೇ ನಂಬಿ ಲಾರಿ ಹತ್ತುತ್ತಿದ್ದೇನೆ.