ವ್ಯಾಗನ್ ಮೇಲಿನ ಅಕ್ಷರ

ಫೆಬ್ರವರಿ 3, ಮಂಗಳವಾರ

ಇವತ್ತು ಎರಡು ವ್ಯಾಗನ್ ಮುಗಿಸಿದೆ. ಅಂಗೈ ಉದ್ದದ ಮಾದರಿ ಗೂಡ್ಸ್ ವ್ಯಾಗನ್, ಅದರ ಪಕ್ಕದಲ್ಲಿ ಗಸಗಸೆ ಗಾತ್ರದ ಅಂಕಿಗಳು. ಉಸಿರು ಬಿಗಿಹಿಡಿದು ಬರೆಯಬೇಕು. ಕತ್ತರಿಸುವುದು, ಅಂಟಿಸುವುದು, ಬಣ್ಣ ಹೊಡೆಯುವುದು ಇವರ ಕೆಲಸ. ಅಕ್ಷರ ಮಾತ್ರ ನನ್ನದು. ಮದುವೆಯಾದಾಗಿನಿಂದ ಹೀಗೇ. ಬೇರೆ ಗಂಡ ಹೆಂಡತಿ ಸಿನಿಮಾಕ್ಕೆ ಹೋಗುತ್ತಾರೆ. ನಮಗೆ ಈ ಮೇಜು. ಮಾಡೆಲ್ ಕ್ಲಬ್ಬಿನ ಪ್ರದರ್ಶನಕ್ಕೆ ಎಂಟು ವ್ಯಾಗನ್ನಿನ ಹೊಸ ಗಾಡಿ ಮಾಡಬೇಕಂತೆ. ನಾನು ರೆಡಿ.

ಫೆಬ್ರವರಿ 8, ಭಾನುವಾರ

ಕ್ಲಬ್ಬಿಗೆ ಹೊಸಬಳು ಸೇರಿದ್ದಾಳೆ. ನಿಜವಾದ ವ್ಯಾಗನ್ ರಿಪೇರಿ ಮಾಡುವ ವರ್ಕ್‌ಶಾಪಿನಲ್ಲಿ ಇಂಜಿನಿಯರ್. ಮನೆಯಲ್ಲಿ ಪ್ರಿಂಟರ್ ಇದೆಯಂತೆ — ತೆಳು ಹಾಳೆಯ ಮೇಲೆ ಅಕ್ಷರ ಅಚ್ಚು ಹಾಕಿ, ನೀರಲ್ಲಿ ನೆನೆಸಿ, ವ್ಯಾಗನ್ನಿಗೆ ಅಂಟಿಸಿದರೆ ಮುಗಿಯಿತು. ಊಟಕ್ಕೆ ಕೂತರೂ ಇವರದು ಅದೇ ಪುರಾಣ.

"ಒಂದು ಗೆರೆ ಆಚೀಚೆ ಇಲ್ಲ ಕಣೇ!"

ಇಷ್ಟು ವರ್ಷ ನನ್ನ ಗೆರೆ ಆಚೀಚೆ ಇತ್ತೇ? ಅವಳಿಗೆ ಪ್ರಿಂಟರಮ್ಮ ಅಂತ ಹೆಸರಿಟ್ಟಿದ್ದೇನೆ. ಮನಸ್ಸಿನಲ್ಲೇ.

ಫೆಬ್ರವರಿ 15, ಭಾನುವಾರ

ಪ್ರಿಂಟರಮ್ಮನ ಕೃಪೆಯಿಂದ ಅವಳ ವರ್ಕ್‌ಶಾಪಿನ ಯಾರ್ಡ್ ನೋಡಿದ್ದಾಯಿತು. ನಿಜದ ವ್ಯಾಗನ್ ಪಕ್ಕ ನಿಂತರೆ ಕತ್ತು ನೋಯುತ್ತದೆ. ತುಕ್ಕು, ಎಣ್ಣೆ, ಸಿಮೆಂಟ್ ಧೂಳು. ಒಂದೊಂದು ಅಂಕಿಯೂ ನನ್ನ ಅಂಗೈಗಿಂತ ದೊಡ್ಡದು. ಬಿಸಿಲಿಗೆ ಕಾದ ಕಬ್ಬಿಣ ಮುಟ್ಟಿ ಬೆರಳು ಸುಟ್ಟುಕೊಂಡೆ. ಯಾರೂ ನೋಡಲಿಲ್ಲ. ಅವರಿಬ್ಬರೂ ವ್ಯಾಗನ್ ಕೆಳಗೆ ಬಗ್ಗಿ, ಸ್ಪ್ರಿಂಗ್ ನೋಡುತ್ತಾ ನಗುತ್ತಿದ್ದರು. ಸ್ಪ್ರಿಂಗಿನಲ್ಲಿ ನಗುವಂಥದ್ದು ಏನಿರುತ್ತದೆ?

"ಅಕ್ಕಾ, ನೀವೂ ಬಗ್ಗಿ ನೋಡಿ!" ಅಂದಳು.

"ಸೊಂಟ ನೋವು," ಅಂದೆ.

ಸೊಂಟ ಗಟ್ಟಿಯಾಗಿಯೇ ಇದೆ. ಉರಿಯುತ್ತಿದ್ದುದು ಹೊಟ್ಟೆ.

ಮಾರ್ಚ್ 5, ಗುರುವಾರ

ಬ್ರಷ್ ಒಣಗಿ ಕಡ್ಡಿಯಾಗಿದೆ. ಡೈರಿಯೂ ಬೇಡವಾಗಿತ್ತು.

ಗಾಡಿ ತಯಾರಾಗಿ ಮೇಜಿನ ಮೇಲೆ ನಿಂತಿದೆ. "ನಾಡಿದ್ದು ಪ್ರದರ್ಶನ. ಒಂದ್ಸಲ ಕಣ್ಣಾಡಿಸು," ಅಂದರು.

ನೋಡಿದೆ. ಎಂಟು ವ್ಯಾಗನ್ನಿಗೂ ಒಂದೇ ನಂಬರ್! ಪ್ರಿಂಟರಮ್ಮ ಒಂದನ್ನೇ ಎಂಟು ಸಲ ಅಚ್ಚು ಹಾಕಿದ್ದಾಳೆ. ಇವರು ಗೆರೆಯ ಅಂದ ನೋಡುತ್ತಾ ಅಂಟಿಸಿದ್ದಾರೆ. ಒಂದು ನಂಬರಿಗೆ ಲೋಕದಲ್ಲಿ ಒಂದೇ ವ್ಯಾಗನ್. ದಿನಾ ವ್ಯಾಗನ್ನುಗಳ ನಡುವೆಯೇ ಓಡಾಡುವವಳಿಗೆ ಹೊಳೆಯಲಿಲ್ಲ... ಖುಷಿಯಾಯಿತು. ಹೌದು, ಖುಷಿಯೇ. ಎಷ್ಟು ದಿನವಾಗಿತ್ತು!

"ಚೆನ್ನಾಗಿದೆ ರೀ," ಅಂದೆ.

"ಅಷ್ಟೇನಾ?"

"ಅಷ್ಟೇ."

ಮಾರ್ಚ್ 7, ಶನಿವಾರ, ಮಧ್ಯಾಹ್ನ

ತೀರ್ಪುಗಾರರು ಭೂತಗನ್ನಡಿ ಹಿಡಿದು ಬಗ್ಗಿದರು. "ಏನ್ ಸಾರ್, ಒಂದೇ ವ್ಯಾಗನ್ನು ಎಂಟು ಕಡೆ ಓಡಾಡ್ತಿದೆ?" ಹಾಲ್ ತುಂಬ ನಗು. ಇವರ ಕಿವಿ ಕೆಂಪಾಯಿತು. ನಾನು ಕಾದಿದ್ದ ಗಳಿಗೆ. ಪ್ರಿಂಟರಮ್ಮ ಅಲ್ಲಿಂದ ಕಾಲ್ಕೀಳುತ್ತಾಳೆ ಅಂದುಕೊಂಡಿದ್ದೆ.

"ನಂದೇ ತಪ್ಪು ಸಾರ್," ಅಂದಳು.

"ಇಲ್ಲ, ಅಂಟಿಸಿದ್ದು ನಾನು," ಅಂದರು ಇವರು.

ಒಬ್ಬರ ಮುಖ ಒಬ್ಬರು ನೋಡಿ, ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗಲು ಶುರು. ಬಹುಮಾನ ಹೋಯಿತು, ಸ್ನೇಹ ಇನ್ನೂ ಗಟ್ಟಿಯಾಯಿತು. ನಾನೇ ಕೈಯಾರೆ ಕಟ್ಟಿಕೊಟ್ಟ ಹಾಗಾಯಿತು.

ಅದೇ ದಿನ, ಸಂಜೆ

ಮನೆಗೆ ಬಂದು ಇವರು ಗಾಡಿಯ ಪೆಟ್ಟಿಗೆ ಇಳಿಸಿ ನನ್ನ ಪಕ್ಕ ಕೂತರು.

"ನೀನು ನೋಡಿ ಸುಮ್ನಿದ್ದೆ ಅಂದ್ರೆ ಎಲ್ಲಾ ಸರಿಯಾಗೇ ಇರುತ್ತೆ ಅಂದ್ಕೊಂಡೆ. ಇಲ್ಲಿವರ್ಗೂ ನಿನ್ ಕಣ್ಣು ತಪ್ಪಿಸ್ಕೊಂಡು ಒಂದಂಕೀನೂ ಹೋಗಿಲ್ಲ."

ಸಿಕ್ಕಿಬಿದ್ದೆ ಅಂದುಕೊಂಡೆ. ಬೈಯಲಿ ಅಂತ ಕಾದೆ. ಅವರು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು.

"ಕಣ್ಣು ಮಂಜಾಗ್ತಿದ್ಯಾ? ಅದ್ಕೇನಾ ಬ್ರಷ್ ಮುಟ್ತಿಲ್ಲ? ಹೇಳ್ಬಾರ್ದಾ ನಂಗೆ? ನಾನು ಬೇರೆ ಪ್ರಿಂಟರ್ ಪ್ರಿಂಟರ್ ಅಂತ ಕುಣೀತಿದ್ದೆ..."

ಆಗಲೇ ಹೇಳಬೇಕಿತ್ತು. ಅಸೂಯೆಗಿಂತ ಇವರ ಈ ಕಾಳಜಿ ಹೆಚ್ಚು ಸುಡುತ್ತದೆ.

ಮಾರ್ಚ್ 9, ಸೋಮವಾರ

ಕಣ್ಣಿನ ಡಾಕ್ಟರು ಕತ್ತಲೆ ಕೋಣೆಯಲ್ಲಿ ಕೂರಿಸಿದರು. ಎದುರಿಗೆ ಬೆಳಕಿನ ಹಲಗೆ, ಕೆಳಗೆ ಇಳಿದಂತೆಲ್ಲ ಸಣ್ಣದಾಗುವ ಅಕ್ಷರಗಳು. ಇವರು ಆಫೀಸಿಗೆ ರಜೆ ಹಾಕಿ ಬಂದಿದ್ದರು. ನನ್ನ ಬ್ಯಾಗನ್ನು ಎದೆಗೆ ಅವುಚಿಕೊಂಡು ಬಾಗಿಲ ಹತ್ತಿರ ನಿಂತಿದ್ದರು.

"ಕೊನೇ ಸಾಲು ಕಾಣ್ಸುತ್ತಾಮ್ಮಾ?"

ಕಾಣುತ್ತಿತ್ತು. ಅದರ ಕೆಳಗೆ ಮೂಲೆಯಲ್ಲಿ ಹಲಗೆ ಮಾಡಿದವರ ವಿಳಾಸವಿತ್ತು, ಅದೂ ಕಾಣುತ್ತಿತ್ತು. ಇವರ ಮುಖ ನೋಡಿದೆ. ಡಾಕ್ಟರ ಕಡೆ ತಿರುಗಿ, ಕೊನೇ ಸಾಲನ್ನೂ ಮೂಲೆಯ ವಿಳಾಸವನ್ನೂ ಇವರಿಗೆ ಕೇಳುವಂತೆ ಗಟ್ಟಿಯಾಗಿ ಓದಿದೆ.